ಬೂಷ್ಟು ಹಿಡಿದ ಗೋಡೆಯ ಲೆಕ್ಕ

ವಿನೋಬನಗರದಲ್ಲಿ ಐದು ವರ್ಷ ಇದ್ದ ಬಾಡಿಗೆ ಮನೆಯನ್ನು ಕಳೆದ ಆಗಸ್ಟ್‌ನಲ್ಲಿ ಬಿಟ್ಟೆವು. 80,000 ರೂಪಾಯಿ ಅಡ್ವಾನ್ಸ್‌ನಲ್ಲಿ ಮಾಲೀಕರು 30,000 ಹಿಡಿದುಕೊಂಡರು. ಕಾರಣ, ಪಶ್ಚಿಮದ ಗೋಡೆಯ ಬೂಷ್ಟು. "ನೀವು ಒಳಗೇ ಬಟ್ಟೆ ಒಣಗಿಸಿದಿರಿ" ಎಂದರು. ಆಷಾಢದ ಮಳೆಯಲ್ಲಿ ಇನ್ನೆಲ್ಲಿ ಒಣಗಿಸಬೇಕಿತ್ತೋ! ತಾರಸಿಗೆ ಶೀಟು ಹಾಕಿಸಿ ಎಂದು ಮೂರು ಮಳೆಗಾಲ ಬೇಡಿಕೊಂಡವನು ನಾನೇ.

ಸಿಟ್ಟಿನಲ್ಲಿ ವಕೀಲರ ಬಳಿ ಹೋದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನನ್ನ ನೆರವಿಗೆ ಬಾರದು ಎಂದರು. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಯಾವ ಊರಿನ ಮನೆಯೂ ಅದರ ವ್ಯಾಪ್ತಿಗೆ ಸೇರುವುದಿಲ್ಲವಂತೆ. ಆ ಬಾಡಿಗೆಗೆ ಇಂದು ಒಂದು ಕೋಣೆ ಸಿಕ್ಕರೆ ಹೆಚ್ಚು. ಹಾಗಾಗಿ ನಮಗೆ ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಓದಿ ಕುಣಿಯುವಷ್ಟು ಖುಷಿಯಾಯಿತು: ಸಹಜ ಸವೆತ, ತಡೆಯಲಾಗದ ಶಕ್ತಿ ಇವುಗಳಿಂದ ಆದ ಬದಲಾವಣೆಗೆ ಬಾಡಿಗೆದಾರ ಹೊಣೆಯಲ್ಲ. ನಮ್ಮ ಮುಂಗಾರಿಗಿಂತ ತಡೆಯಲಾಗದ ಶಕ್ತಿ ಯಾವುದಿದೆ?

ವಕೀಲರು ಕರಾರು ಪತ್ರ ಕೇಳಿದರು. ಒಂಬತ್ತನೇ ಸಾಲಿನಲ್ಲಿ, ಬಿಡುವಾಗ ಸುಣ್ಣಬಣ್ಣದ ಖರ್ಚು ಬಾಡಿಗೆದಾರರದ್ದು ಎಂದಿತ್ತು. ಕೆಳಗೆ ನನ್ನದೇ ಸಹಿ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮಾತ್ರ ಆ ಕಲಂ ನಡೆಯುತ್ತದೆ. ಒಂದು ವರ್ಷ ಮೀರಿದರೆ ನೋಂದಣಿ ಬೇಕೆಂದು ಹನ್ನೊಂದು ತಿಂಗಳಿಗೆ ಬರೆಸುವ ಆ ಕಾಗದವನ್ನು ನಾನು ಎಂದೂ ಓದಿರಲಿಲ್ಲ. ಬೇರೆ ಯಾವುದೋ ಊರಿನ ನಮೂನೆ ಅದು. ಸೋರುವ ಸೂರಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಮಲೆನಾಡಿನ ಬಾಡಿಗೆ ಜಗಳಗಳಲ್ಲಿ ಅರ್ಧ ಈ ನಕಲು ಕಾಗದದಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

30,000 ರೂಪಾಯಿಗೆ ಸಿವಿಲ್ ದಾವೆ ಹೂಡಿದರೆ ಗೆಲ್ಲುವ ಹೊತ್ತಿಗೆ ಮೊಮ್ಮಕ್ಕಳಾಗಿರುತ್ತವೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಬಾಡಿಗೆ ನ್ಯಾಯಾಲಯ 60 ದಿನಗಳಲ್ಲಿ ತೀರ್ಮಾನಿಸಬೇಕು ಎಂದಿದೆ. ಆದರೆ ರಾಜ್ಯ ತನ್ನ ಕಾನೂನಾಗಿ ತಂದರೆ ಮಾತ್ರ ಅದಕ್ಕೆ ಜೀವ. ನಾನು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಪಿಗೆ, ಸಮ. ಮಾಲೀಕರೂ ನಾನೂ ಎದುರುಬದುರು ಕುಳಿತಾಗ ಆ ಗೋಡೆಗೆ ಒತ್ತಿ ಬೀರು ಇಟ್ಟಿದ್ದನ್ನು ನಾನು ಒಪ್ಪಿದೆ, ಶೀಟಿನ ಮಾತನ್ನು ಅವರು ಒಪ್ಪಿದರು. 20,000 ಮರಳಿತು.

ಹೊಸ ಮನೆಗೆ ಬರುವ ದಿನ ಗೋಡೆಗಳ ಫೋಟೋ ತೆಗೆಯುತ್ತಿದ್ದೆ. ಮಾಲಕಿ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಅಡುಗೆಮನೆಯ ಮೂಲೆಯನ್ನು ಬಿಡಬೇಡಿ, ಅದು ಹೋದ ವರ್ಷದಿಂದಲೇ ಸೋರುತ್ತಿದೆ" ಎಂದರು.