ಎಂಟು ತಿಂಗಳ ಪತ್ರಿಕೆಗೆ ಹಾರ ಹಾಕುವ ಮೊದಲು

ಜುಲೈ 1 ಬಂತೆಂದರೆ ನಮ್ಮಲ್ಲಿ ಪತ್ರಿಕಾ ದಿನಾಚರಣೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಫೋಟೋಗೆ ಒಂದು ಹಾರ, ಇಬ್ಬರು ಹಿರಿಯರಿಗೆ ಶಾಲು, ಒಂದು ಉದ್ದ ಭಾಷಣ, ಕೊನೆಗೆ ಗೋಳಿಬಜೆ, ಚಾ. ನಾನೂ ಹೋಗುತ್ತೇನೆ. ಗೋಳಿಬಜೆ ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ವರ್ಷ ಭಾಷಣಕ್ಕೆ ಬಂದವರು 'ಮಂಗಳೂರ ಸಮಾಚಾರ' ದಿನಾ ಬೆಳಿಗ್ಗೆ ಮನೆ ಮನೆಗೆ ಬರುತ್ತಿತ್ತು ಎಂದುಬಿಟ್ಟರು. ಸಭೆಯಲ್ಲಿ ಅಷ್ಟೊಂದು ಪತ್ರಕರ್ತರಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವತ್ತು ನುಂಗಿಕೊಂಡಿದ್ದನ್ನು ಇವತ್ತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ಅದು ದಿನಪತ್ರಿಕೆಯಲ್ಲ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ. 1843ರ ಜುಲೈ 1ಕ್ಕೆ ಶುರುವಾಯಿತು, 1844ರ ಫೆಬ್ರವರಿಗೆ ಮುಗಿಯಿತು. ಒಟ್ಟು 16 ಸಂಚಿಕೆ, ಅಷ್ಟೇ. ಕನ್ನಡದ ಮೊದಲ ಪತ್ರಿಕೆ ಅಂತ ನಾವು ಎದೆ ತಟ್ಟಿಕೊಳ್ಳುವುದು ಎಂಟು ತಿಂಗಳ ಕೂಸಿನ ಬಗ್ಗೆ.

ಆಗಿನ ಮಂಗಳೂರು ಹೇಗಿತ್ತು ಅಂತ ಸುಮ್ನೆ ಯೋಚಿಸಿ. ರೈಲಿಲ್ಲ, ತಂತಿಯಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ, ಮದ್ರಾಸಿನಿಂದ ಬರುವ ಹುಕುಂ. ಕಂಪನಿಯ ವಿರುದ್ಧ ಕಲ್ಯಾಣಪ್ಪನ ದಂಗೆ ನಡೆದು ಬರೇ ಆರು ವರ್ಷ ಆಗಿತ್ತು. ಆ ಊರಿನಲ್ಲಿ 32 ವರ್ಷದ ಒಬ್ಬ ಜರ್ಮನ್ ಪಾದ್ರಿ, ಇದೇ ಮೋಗ್ಲಿಂಗ್, ಕನ್ನಡದಲ್ಲಿ ಸುದ್ದಿ ಅಚ್ಚು ಹಾಕಲಿಕ್ಕೆ ಕೂತ.

ಅಚ್ಚು ಅಂದೆ, ಆದರೆ ಒಂದೊಂದೇ ಅಕ್ಷರದ ಮೊಳೆ ಜೋಡಿಸುವ ಅಚ್ಚಲ್ಲ, ಕಲ್ಲಚ್ಚು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದೇ. ಮೋಗ್ಲಿಂಗ್ ಇದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ವೈಗ್ಲೆ ಎಂಬವರು 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರ ತಂದರು, ಜೊತೆಗೆ ಮರಾಠಿ ಕೆಲಸಗಾರರನ್ನೂ ಕರೆತಂದರು. ಅದರಲ್ಲಿ ಮೊದಮೊದಲು ಅಚ್ಚಾಗಿದ್ದರಲ್ಲಿ ತುಳು ಭಾಷೆಯ ಮತ್ತಾಯನ ಸುವಾರ್ತೆಯೂ ಸೇರಿದೆ, ಕನ್ನಡ ಲಿಪಿಯಲ್ಲಿ. ಅಂದರೆ ಪತ್ರಿಕೆ ಬರುವ ಮೊದಲೇ ಆ ಯಂತ್ರ ತುಳು ಕಲಿತಾಗಿತ್ತು.

ಕಲ್ಲಚ್ಚು ನಿಂತಿರುವುದು ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಒಂದೇ ಸತ್ಯದ ಮೇಲೆ. ಜಿಡ್ಡಿನ ಶಾಯಿಯಲ್ಲಿ ಬರೆದ ಅಕ್ಷರವನ್ನು ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಮೂಡಿಸುತ್ತಾರೆ, ಉಲ್ಟಾ. ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರುತ್ತಾರೆ. ಬರಹ ಇರುವಲ್ಲಿ ನೀರು ನಿಲ್ಲುವುದಿಲ್ಲ, ಬರಹ ಇಲ್ಲದಲ್ಲಿ ಶಾಯಿ ಹಿಡಿಯುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ತಯಾರು. ಮತ್ತೆ ಇನ್ನೊಂದು ಹಾಳೆ, ಮತ್ತೆ ನೀರು, ಮತ್ತೆ ಶಾಯಿ. ಕೆಲಸ ಮುಗಿದ ಮೇಲೆ ಅದೇ ಕಲ್ಲನ್ನು ಮರಳು ಹಾಕಿ ತಿಕ್ಕಿ ಬರಹ ಅಳಿಸಿದರೆ ಮುಂದಿನದಕ್ಕೆ ಸಿದ್ಧ. ಇಂದಿನ ಸುದ್ದಿಯನ್ನು ಉಜ್ಜಿ ತೆಗೆಯದೆ ನಾಳೆಯ ಸುದ್ದಿಗೆ ಜಾಗವಿಲ್ಲ.

ಇದರಲ್ಲೊಂದು ಅನುಕೂಲ ಇತ್ತು. ನಮ್ಮ ಒತ್ತಕ್ಷರ, ಗುಣಿತಗಳ ತಲೆನೋವು ಇಲ್ಲ. ಕೈಯಲ್ಲಿ ಬರೆದದ್ದು ಬರೆದ ಹಾಗೇ ಬರುತ್ತದೆ. ಕಷ್ಟವೂ ಇತ್ತು. ಕೈಬರಹ ಜಾಗ ಜಾಸ್ತಿ ತಿನ್ನುತ್ತದೆ, ಕೆಲಸ ನಿಧಾನ.

ಆ ನಾಲ್ಕು ಪುಟದಲ್ಲಿ ಎಂತ ಇರುತ್ತಿತ್ತು? ಊರ ವರ್ತಮಾನ. ಸರ್ಕಾರದ ನಿರೂಪಗಳು. ಬೇರೆ ರಾಜ್ಯಗಳ ವರ್ತಮಾನ, ಆಶ್ಚರ್ಯದ ಸುದ್ದಿ, ಬುದ್ಧಿಮಾತು, ಕಥೆ. ಇವತ್ತಿನ ಪತ್ರಿಕೆಯ ಪುಟಗಳನ್ನು ಎದುರಿಗಿಟ್ಟುಕೊಂಡು ನೋಡಿ, ಹೆಚ್ಚು ಕಡಿಮೆ ಅದೇ ಅಲ್ವಾ?

ಈ ಪಾದ್ರಿಗಳು ಬಂದದ್ದು ಕ್ರೈಸ್ತ ಮತ ಪ್ರಚಾರಕ್ಕೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ವೇದಿಕೆಯಲ್ಲಿ ಕೆಲವರು ಅದನ್ನು ಹೇಳುವುದೇ ಇಲ್ಲ, ಕೆಲವರು ಅದನ್ನು ಮಾತ್ರ ಹೇಳುತ್ತಾರೆ. ಎರಡೂ ನನಗೆ ಸರಿ ಕಾಣುವುದಿಲ್ಲ. ಇದೇ ಮೋಗ್ಲಿಂಗ್ ಮುಂದೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಖರ್ಚು ಕೊಟ್ಟದ್ದು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ದಾಸರ ಪದಗಳು ಪುಸ್ತಕವಾಗಿ ನಮ್ಮ ಕೈಗೆ ಬಂದ ದಾರಿಯಲ್ಲಿ ಒಬ್ಬ ಪಾದ್ರಿಯೂ ನಿಂತಿದ್ದಾರೆ. ಇರಲಿ ಬಿಡಿ, ಅದು ಬೇರೆಯೇ ಬರಹ ಆಗುತ್ತದೆ.

ಪತ್ರಿಕೆ ಯಾಕೆ ನಿಂತಿತು? 'ಓದುಗರಿಲ್ಲದೆ ನಿಂತುಹೋಯಿತು' ಅಂತ ಎಷ್ಟೋ ಜನ ತಿಳಿದಿದ್ದಾರೆ. ಆದದ್ದು ಉಲ್ಟಾ. ಘಟ್ಟದ ಮೇಲಿನ ಊರುಗಳಲ್ಲೂ ಕೇಳುವವರು ಹುಟ್ಟಿಕೊಂಡರು. ಕಲ್ಲಚ್ಚಿಗೆ ಅಷ್ಟು ಶಕ್ತಿ ಇರಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನವರ ಅಚ್ಚುಕೂಟ ಇತ್ತು, ಮೊಳೆ ಜೋಡಿಸುವಂಥದ್ದು. 1844ರ ಮಾರ್ಚ್‌ನಿಂದ ಪತ್ರಿಕೆ ಅಲ್ಲಿ ಅಚ್ಚಾಗತೊಡಗಿತು. ಹೆಸರೂ ಬದಲಾಯಿತು, 'ಕನ್ನಡ ಸಮಾಚಾರ'.

ಈ ಹೆಸರು ಸಣ್ಣ ಮಾತಲ್ಲ. ಆಗ ಮಂಗಳೂರು, ಬಳ್ಳಾರಿ ಮದ್ರಾಸಿನ ಕೆಳಗೆ. ಧಾರವಾಡ ಮುಂಬಯಿಯ ಕೆಳಗೆ. ಮೈಸೂರಿನಲ್ಲಿ ಅರಸರ ಹೆಸರು, ಕಮಿಷನರ ಆಡಳಿತ. ಕಲಬುರಗಿ ಕಡೆ ನಿಜಾಮ. ನಕ್ಷೆಯಲ್ಲಿ ಎಲ್ಲೂ ಇಲ್ಲದ ಒಂದು ನಾಡನ್ನು ಪತ್ರಿಕೆಯ ತಲೆಬರಹ ಒಂದು ಮಾಡಿತು. ರಾಜ್ಯ ಒಂದಾಗಿದ್ದು 112 ವರ್ಷ ಕಳೆದು, 1956ರಲ್ಲಿ. ಇದನ್ನು ಯಾವ ಭಾಷಣಕಾರರೂ ಹೇಳಿದ್ದು ನಾನು ಕೇಳಿಲ್ಲ.

ಆದರೂ ನನಗೆ ಒಂದು ಕಡೆ ಚುಚ್ಚುತ್ತದೆ. ಪತ್ರಿಕೆ ದೊಡ್ಡದಾಗಲಿಕ್ಕೆ ಹೊರಟಾಗ ಮೊದಲು ಬಿದ್ದುಹೋದದ್ದು ಊರಿನ ಹೆಸರು. 'ಮಂಗಳೂರ' ಎಂಬ ಪದವೇ ಹೋಯಿತು. ಕನ್ನಡಕ್ಕೆ ಒಳ್ಳೆಯದೇ ಆಯಿತು, ಒಪ್ಪುತ್ತೇನೆ. ಊರಿಗೆ?

ಇದನ್ನು ಹೊಟ್ಟೆಕಿಚ್ಚಿನಿಂದ ಕೇಳುತ್ತಿಲ್ಲ ಮಾರ್ರೆ, ಅನುಭವದಿಂದ ಕೇಳುತ್ತಿದ್ದೇನೆ. ನಾನು ಕೆಲವು ವರ್ಷ ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರನಾಗಿದ್ದೆ. ಕಾಗದದಲ್ಲಿ ಬರೆದು, ಕವರಿಗೆ ಹಾಕಿ, ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಮಂಗಳೂರಿನಲ್ಲಿ ಆಫೀಸಿನ ಹುಡುಗ ಬಂದು ತೆಗೆದುಕೊಳ್ಳುತ್ತಿದ್ದ. ಮರುದಿನ ಬೆಳಿಗ್ಗೆ ನಮ್ಮೂರ ಭಜನಾ ಮಂದಿರ, ನಮ್ಮೂರ ಕಂಬಳ, ನಮ್ಮೂರ ಕೆಟ್ಟ ರಸ್ತೆ, ಎಲ್ಲ ಅಚ್ಚಾಗಿ ಬರುತ್ತಿತ್ತು. ದುಡ್ಡು ಹೆಚ್ಚಿಲ್ಲ. ಆದರೆ ಪೇಟೆಯಲ್ಲಿ ನಡೆದರೆ ಜನ ನಿಲ್ಲಿಸಿ ಮಾತಾಡುತ್ತಿದ್ದರು.

ಒಂದು ದಿನ ಪತ್ರಿಕೆ 'ವಿಸ್ತರಣೆ' ಮಾಡಿತು. ಎರಡು ಮೂರು ಜಿಲ್ಲೆಗೆ ಸೇರಿಸಿ ಒಂದೇ ಪುಟ, ಅದನ್ನು ಕಟ್ಟುವುದು ದೂರದಲ್ಲಿ. ಅದೇ ಆಟಿಯ ಮಳೆಗೆ ನಮ್ಮಲ್ಲಿ ನಡೆದು ದಾಟುವ ಸಣ್ಣ ಸೇತುವೆ, ಕಾಲುಸಂಕ, ಕೊಚ್ಚಿಹೋಯಿತು. ಆಚೆ ದಡದ ಮಕ್ಕಳು ಶಾಲೆಗೆ ಬರಬೇಕಾದರೆ ಸುತ್ತು ಹಾಕಿಕೊಂಡು ನಡೆಯಬೇಕು. ಬರೆದೆ, ಫೋಟೋ ಸಮೇತ ಕಳಿಸಿದೆ. ಬರಲಿಲ್ಲ. ಫೋನ್ ಮಾಡಿ ಕೇಳಿದರೆ, 'ಅದು ತೀರಾ ಲೋಕಲ್ ಅಲ್ವಾ, ಬೇರೆ ಜಿಲ್ಲೆಯವರಿಗೆ ಏನು?' ಎಂದರು. ಅವರದೂ ತಪ್ಪಿಲ್ಲ. ಪುಟ ಇರುವುದು ಒಂದೇ.

ಅದಕ್ಕೇ ಹೇಳುವುದು, 'ಮೊದಲ ಪತ್ರಿಕೆ' ಎಂಬ ಹೆಮ್ಮೆಯಲ್ಲಿ 'ಮಂಗಳೂರ' ಎಂಬ ಪದವನ್ನು ನಾವು ಓದುವುದೇ ಇಲ್ಲ. ಮುಂದಿನ ಜುಲೈ 1ಕ್ಕೆ ಭಾಷಣ ಅರ್ಧ ಗಂಟೆ ಕಡಿಮೆ ಮಾಡಿ. ಆ 16 ಸಂಚಿಕೆಯಲ್ಲಿ ಒಂದರ 'ಊರ ವರ್ತಮಾನ'ವನ್ನು ಯಾರಾದರೂ ಎದ್ದು ನಿಂತು ಗಟ್ಟಿಯಾಗಿ ಓದಲಿ. ಆಮೇಲೆ ಅವತ್ತಿನ ಪತ್ರಿಕೆಯಲ್ಲಿ ನಮ್ಮ ಊರಿನದು ಎಷ್ಟಿದೆ, ಅದನ್ನೂ ಓದಲಿ. ಗೋಳಿಬಜೆ ಹೇಗೂ ಇರುತ್ತದೆ.

ಕಾಲುಸಂಕದ ಸುದ್ದಿ ಕಳಿಸಿದ ಮೇಲೆ ಆ ಬಸ್ಸಿನ ಕಂಡಕ್ಟರ್ ಮೂರು ದಿನ ನನ್ನನ್ನು ಕೇಳಿದರು, 'ಎಂತ, ನಮ್ಮ ಸಂಕದ್ದು ಬಂತಾ?' ಅವರ ಮನೆಯೂ ಆಚೆ ದಡದಲ್ಲೇ ಇತ್ತು. ನಾಲ್ಕನೇ ದಿನ ಕೇಳಲಿಲ್ಲ. ಕವರ್ ತೆಗೆದುಕೊಂಡು ಟಿಕೆಟ್ ಚೀಲದ ಪಕ್ಕ ಇಟ್ಟು, ರೈಟ್ ಅಂದರು.