ಗೆದ್ದದ್ದು ಯಾರು ಅಂತ ಕೇಳಬಾರದಿತ್ತು

ಫೆಬ್ರವರಿ 6. ಜರ್ಮನಿಯ ತುದಿಯ ಫ್ಲೆನ್ಸ್‌ಬುರ್ಗ್‌ನಲ್ಲಿ ಕಿವಿ ಉದುರುವಂಥ ಚಳಿ. ಪಕ್ಕದ ಮನೆಯ ಅಜ್ಜ ಕರೆದರು ಅಂತ ಹಿಂದೊಮ್ಮೆ ಕಾಳಗ ನಡೆದ ಸಂಕೆಲ್‌ಮಾರ್ಕ್ ಕೆರೆಯ ಕಡೆ ನಡೆಯುವವರ ಜೊತೆ ಸೇರಿಕೊಂಡೆ. ಸುಮ್ನೆ ಮಾತಿಗೆ ಕೇಳಿದೆ, "ಕೊನೆಗೆ ಗೆದ್ದದ್ದು ಯಾರು?"

"ನಾವು ನಡೆಯುತ್ತಿರುವುದು ಅದಕ್ಕಲ್ಲ," ಅಂದರು ಅಜ್ಜ. ಚುರುಕ್ ಅಂತು.

1864ರ ಮಾತು. ಪ್ರಷ್ಯಾ, ಆಸ್ಟ್ರಿಯಾ ಸೇರಿ ಡೆನ್ಮಾರ್ಕಿನ ಮೇಲೆ ಯುದ್ಧಕ್ಕೆ ಬಂದಿದ್ದವು. ಡೆನ್ಮಾರ್ಕಿನ ಸೇನಾಪತಿ ಡಿ ಮೆಜಾ, ಡಾನೆವಿರ್ಕೆ ಕೋಟೆಸಾಲು ಬಿಟ್ಟು ರಾತ್ರೋರಾತ್ರಿ ಹಿಮದಲ್ಲೇ ಸೈನ್ಯವನ್ನು ಉತ್ತರಕ್ಕೆ ಹೊರಡಿಸಿದ. ಮರುದಿನ ಜನರಲ್ ಗಾಬ್ಲೆಂಟ್ಸ್‌ನ ಆಸ್ಟ್ರಿಯನ್ ಪಡೆ ಬೆನ್ನು ಹತ್ತಿತು. ಡೇನರ ಕರ್ನಲ್ ಮ್ಯಾಕ್ಸ್ ಮುಲ್ಲರ್ ಎರಡು ರೆಜಿಮೆಂಟ್ ಇಟ್ಟುಕೊಂಡು ಕೆರೆ ಪಕ್ಕದ ದಾರಿಗೆ ಅಡ್ಡ ನಿಂತ. ಗೆಲ್ಲೋಕಲ್ಲ, ಹೊತ್ತು ಗಿಟ್ಟಿಸೋಕೆ. ಸಂಜೆವರೆಗೆ ತಡೆದ, ಉಳಿದ ಸೈನ್ಯ ಪಾರಾಯಿತು. ಡಿ ಮೆಜಾಗೆ ಸಿಕ್ಕಿದ್ದು ವಜಾ. (ಸೈನ್ಯ ಉಳಿಸಿದವನಿಗೆ ಮರ್ಯಾದೆ ಎಲ್ಲಿದೆ ಹೇಳಿ.)

ಆಮೇಲೆ ಫ್ಲೆನ್ಸ್‌ಬುರ್ಗ್‌ನ ಜನ ಆ ಚಳಿಯಲ್ಲಿ ಹೋಗಿ, ಎರಡೂ ಕಡೆಯ ಗಾಯಾಳುಗಳನ್ನು ಆರೈಕೆ ಮಾಡಿದರು. ಈಗ ಪ್ರತಿವರ್ಷ ನಡೆಯುವುದು ಅದರ ನೆನಪಿಗೆ. ಡೇನರೂ ಬರುತ್ತಾರೆ, ಆಸ್ಟ್ರಿಯದವರೂ ಬರುತ್ತಾರೆ. ಹಿಂದೆ ಸರಿಯುವಾಗಿನ ಕಾಳಗವೊಂದಕ್ಕೆ!

ನಮ್ಮೂರ ಈಶ್ವರನ ಗುಡಿ ಹಿಂದೆ ಒಂದು ವೀರಗಲ್ಲಿದೆ. ತುರು ಹಿಡಿಯಲು ಬಂದವರಿಗೆ ಅಡ್ಡ ನಿಂತು ಸತ್ತವನದು. ಅವನೂ ಹೊತ್ತು ಗಿಟ್ಟಿಸಿದವನೇ ಅಲ್ವಾ? ಅವನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕವನಿದ್ದಾಗ ನಾನೇ ಅದಕ್ಕೆ ಎಮ್ಮೆ ಕಟ್ಟಿದ್ದೇನೆ. ನಮಗೆ ಬೇಕಾದದ್ದು ಗೆದ್ದ ರಾಜ, ಎರಡು ಕಾಲೆತ್ತಿದ ಕುದುರೆ, ಅದನ್ನು ಯಾವ ಸರ್ಕಲ್‌ನಲ್ಲಿ ನಿಲ್ಲಿಸಬೇಕು ಅನ್ನೋ ಜಗಳ.

ಇದನ್ನೇ ಅಜ್ಜನ ಹತ್ತಿರ ಹೇಳಿಕೊಂಡೆ. ಅವರು ನಕ್ಕು, ಇಲ್ಲಿನ ಸಿಂಹದ ಕಥೆ ತೆಗೆದರು. ಇಸ್ಟೆಡ್ ಅನ್ನೋ ಹಳ್ಳಿಯ ಕಾಳಗವನ್ನು 1850ರಲ್ಲಿ ಗೆದ್ದದ್ದಕ್ಕೆ ಡೇನರು 1862ರಲ್ಲಿ, ಆಗ ಅವರದೇ ಕೈಲಿದ್ದ ಈ ಊರಲ್ಲಿ ನಿಲ್ಲಿಸಿದ ಸಿಂಹವದು. 1864ರ ಯುದ್ಧ ಮುಗಿದ ಮೇಲೆ ಗೆದ್ದ ಪ್ರಷ್ಯದವರು ಅದನ್ನು ಬರ್ಲಿನ್‌ಗೆ ಸಾಗಿಸಿದರು. 1945ರಲ್ಲಿ ಕೋಪನ್‌ಹೇಗನ್‌ಗೆ ಹೋಯಿತು. ಮರಳಿ ಇಲ್ಲಿ ಬಂದು ಕೂತದ್ದು 2011ರಲ್ಲಿ! ನಮ್ಮ ಸರ್ಕಲ್ ಜಗಳ ಇಷ್ಟು ಜಾಸ್ತಿ ಎಳೆದಿಲ್ಲ, ಒಪ್ಪಿದೆ. ಇನ್ನೊಂದನ್ನೂ ಒಪ್ಪಬೇಕು. ಇಲ್ಲಿ ಕಾಳಗದ ನೆನಪಿನ ಕಲ್ಲಿಗೆ ವರ್ಷಕ್ಕೊಮ್ಮೆ ಹೂಮಾಲೆ. ಅಮ್ಮ ಮಾತ್ರ ಪ್ರತಿ ಹಬ್ಬಕ್ಕೂ ಆ ವೀರಗಲ್ಲಿಗೆ ಎಣ್ಣೆ ಸವರಿ, ಅರಿಶಿನ ಹಚ್ಚಿ, ಎರಡು ಹೂವಿಡುತ್ತಾಳೆ.

ರಾತ್ರಿ ಫೋನ್ ಮಾಡಿ, ಆ ಕಲ್ಲಿನ ಮೇಲೆ ಏನಾದರೂ ಬರೆದಿದೆಯಾ ನೋಡು ಅಂದೆ.

"ಎಮ್ಮೆ ಒರಗಿಕೊಂಡು ಮಲಗಿದೆ. ಎದ್ದ ಮೇಲೆ ನೋಡ್ತೀನಿ," ಅಂದಳು.