ಸ್ಮಾರ್ಟ್ ಬಲ್ಬಿನ ಕೃಪೆ

ದೀಪ ಹಚ್ಚಲು ಪಾಸ್‌ವರ್ಡ್ ಬೇಕಾಗುವ ಕಾಲಕ್ಕೆ ಬಂದು ಮುಟ್ಟಿದ್ದೇವೆ. ಗೋಡೆಯ ಮೇಲೆ ಸ್ವಿಚ್ ಇದೆ, ಒತ್ತಲು ಬೆರಳೂ ಇದೆ. ಆದರೆ ಇದು ಸ್ಮಾರ್ಟ್ ಬಲ್ಬ್. ಮೊದಲು ವೈಫೈ ಸಿಗಬೇಕು, ಆಮೇಲೆ ಆಪ್ ತೆರೆಯಬೇಕು, ಆಪ್ ತನ್ನ ಹೊಸ ಆವೃತ್ತಿ ಹಾಕಿಸಿಕೊಳ್ಳಬೇಕು, ಕೊನೆಗೆ ಒಟಿಪಿ. ಅದು ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಪೆಟ್ಟಿಗೆಯ ಮೇಲೆ ‘ವಿದ್ಯುತ್ ಉಳಿತಾಯ’ ಎಂದು ಅಚ್ಚು ಹಾಕಿರುವುದು ಖಂಡಿತ ಸುಳ್ಳಲ್ಲ.

‘ಸ್ಮಾರ್ಟ್’ ಎಂಬ ಈ ಪದದ ಪೂರ್ವಾಶ್ರಮವೂ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಚುರುಗುಟ್ಟುವ ನೋವು ಎಂದೇ ಅರ್ಥವಿತ್ತು. ಕಣ್ಣಿಗೆ ಸೋಪು ಹೋದಾಗಿನ ಉರಿಗೆ ಇಂದಿಗೂ ಇದೇ ಕ್ರಿಯಾಪದ. ನಮ್ಮ ಚುರುಕೂ ಇದೇ ಜಾತಿಯದು: ಹುಡುಗ ಚುರುಕು ಎನ್ನುತ್ತೇವೆ, ಮಾತು ಕೇಳದಿದ್ದರೆ ಅವನಿಗೇ ಚುರುಕು ಮುಟ್ಟಿಸುತ್ತೇವೆ. ನೋವಿನಿಂದ ಹೊರಟ ಪದ ನಡಿಗೆಗೆ, ಬುದ್ಧಿಗೆ, ಇಸ್ತ್ರಿ ಮಾಡಿದ ಅಂಗಿಗೆ ದಾಟಿತು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಬಾಂಬಿಗೂ ಸ್ಮಾರ್ಟ್ ಎಂಬ ಬಿರುದು ಸಿಕ್ಕಿ ಮನೆಮಾತಾಗಿತ್ತು. ಬಾಂಬಿಗೆ ಸಿಕ್ಕ ಮೇಲೆ ಹಲ್ಲುಜ್ಜುವ ಬ್ರಷ್ಷಿಗೆ ಇಲ್ಲ ಎನ್ನಲಾದೀತೇ?

ಜ್ಯೂಸೆರೊ ಎಂಬ ಅಮೆರಿಕದ ಯಂತ್ರವನ್ನು ನೆನೆದು ಕೈಮುಗಿಯಲೇಬೇಕು. 2016ರಲ್ಲಿ ಅದರ ಬೆಲೆ 699 ಡಾಲರ್. ಕಂಪನಿಯದೇ ರಸದ ಪೊಟ್ಟಣವನ್ನು ಹಿಂಡುವುದಷ್ಟೇ ಅದರ ಕೆಲಸ. ಅದಕ್ಕೂ ವೈಫೈ ಬೇಕು. ಮರುವರ್ಷ ಪತ್ರಕರ್ತರು ಪೊಟ್ಟಣವನ್ನು ಕೈಯಲ್ಲೇ ಹಿಂಡಿದರು, ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಕೆಲವೇ ತಿಂಗಳಲ್ಲಿ ಕಂಪನಿಗೆ ಬೀಗ ಬಿತ್ತು. ಕೈ ಮಾತ್ರ ಇನ್ನೂ ಯಾವ ಅಪ್‌ಡೇಟನ್ನೂ ಕೇಳಿಲ್ಲ.

ಇಷ್ಟಕ್ಕೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ರಿವಾಲ್ವ್ ಎಂಬ ಮನೆ ನಿಯಂತ್ರಣದ ಪೆಟ್ಟಿಗೆಯನ್ನು ಸುಮಾರು 300 ಡಾಲರ್ ಕೊಟ್ಟು ಕೊಂಡವರ ಪಾಡು ನೋಡಿ. ಅದರ ಕಂಪನಿಯನ್ನು ಖರೀದಿಸಿದ ನೆಸ್ಟ್ ಎಂಬ ಸಂಸ್ಥೆ, ಪೆಟ್ಟಿಗೆಯನ್ನು ದೂರದಿಂದ ನಡೆಸುತ್ತಿದ್ದ ಸರ್ವರನ್ನು 2016ರಲ್ಲಿ ಆರಿಸಿತು. ಕೆಡದೆಯೂ ಪೆಟ್ಟಿಗೆ ಸತ್ತಿತು. ದುಡ್ಡು ಕೊಟ್ಟವರು ನಾವು, ಕೀಲಿಕೈ ಇನ್ನಾರದೋ ಜೇಬಿನಲ್ಲಿ. ಇದಕ್ಕೆ ಬಾಡಿಗೆ ಎನ್ನಿ, ಮಾರಾಟ ಎಂದು ರಸೀದಿ ಏಕೆ ಹರಿಯುತ್ತೀರಿ?

ಇನ್ನು ಟಿವಿ. ನಾವು ಅದನ್ನು ನೋಡುತ್ತೇವೆ ಎಂದುಕೊಂಡಿದ್ದೆವು. ವಿಜಿಯೊ ಕಂಪನಿಯ 1.1 ಕೋಟಿ ಟಿವಿಗಳು ಮನೆಯವರು ಏನೇನು ನೋಡುತ್ತಾರೆ ಎಂಬುದನ್ನು ಒಪ್ಪಿಗೆಯಿಲ್ಲದೆ ದಾಖಲಿಸುತ್ತಿದ್ದವು ಎಂದು ಅಮೆರಿಕದ ವ್ಯಾಪಾರ ಆಯೋಗ ದೂರು ಹೂಡಿತು. ಆ ಸೌಲಭ್ಯದ ಹೆಸರಿನಲ್ಲೂ ‘ಸ್ಮಾರ್ಟ್’ ಇತ್ತು! 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಕಂಪನಿ ರಾಜಿಯಾಯಿತು. ಭಾಗಿಸಿ ನೋಡಿ: ಒಂದು ಟಿವಿಗೆ 20 ಸೆಂಟ್. ಒಂದು ಮನೆಯ ಇಣುಕುನೋಟಕ್ಕೆ ಇಷ್ಟು ಅಗ್ಗದ ದರ ಕಟ್ಟಿದರೆ ಯಾವ ಕಂಪನಿ ತಾನೇ ಕಣ್ಣು ಮುಚ್ಚಿಕೊಂಡೀತು?